ಸೀಳುಕಿಂಡಿಯ ಹೊರಗುಳಿದ ಬೆಳಕು

ಸೂರ್ಯನನ್ನು ಒಂದೇ ಬಣ್ಣದಲ್ಲಿ ನೋಡಬೇಕೆಂಬ ಹಟ ಖಗೋಳವಿಜ್ಞಾನಿ ಜಾರ್ಜ್ ಎಲರಿ ಹೇಲ್‌ಗೆ ಇತ್ತು. ಷಿಕಾಗೊದ ಕೆನ್‌ವುಡ್ ವೀಕ್ಷಣಾಲಯದಲ್ಲಿ 1892ರಲ್ಲಿ ಆತ ಅದನ್ನು ಸಾಧಿಸಿದ. ಸಪೂರ ಸೀಳುಕಿಂಡಿಯಿಂದ ಸೂರ್ಯಬಿಂಬದ ಒಂದು ಗೆರೆಯಷ್ಟೇ ಬೆಳಕನ್ನು ಒಳಬಿಟ್ಟು, ಬಣ್ಣಬಣ್ಣವಾಗಿ ಬಿಡಿಸಿ, ಕ್ಯಾಲ್ಸಿಯಂ ಸೂಸುವ ಬಣ್ಣವೊಂದನ್ನೇ ಆರಿಸಿದ. ಹಾಗೆ ಗೆರೆಯ ಪಕ್ಕಕ್ಕೆ ಗೆರೆ ಜೋಡಿಸಿ ಚಿತ್ರ ಕಟ್ಟಿದ. ಮುಂದಿನ ದಶಕದಲ್ಲಿ ಕೊಡೈಕನಾಲ್‌ಗೂ ಅಂಥ ಉಪಕರಣ ಬಂತು. ಅಲ್ಲಿ ತೆಗೆದ ಚಿತ್ರಗಳ ಭಂಡಾರವನ್ನು ಇಂದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಕಾಪಾಡಿಕೊಂಡಿದೆ.

ತುಣುಕು ತುಣುಕಾಗಿ ನೋಡುವ ಈ ಕ್ರಮ 1980ರ ದಶಕದಲ್ಲಿ ವಿಮಾನವೇರಿತು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಅಲೆಕ್ಸಾಂಡರ್ ಗೋಟ್ಸ್ ಮತ್ತು ಸಂಗಡಿಗರಿಗೆ ಬೇಕಿದ್ದುದು ನೆಲದ ಖನಿಜಗಳ ಗುರುತು. ಪ್ರತಿ ವಸ್ತುವೂ ತನ್ನದೇ ತರಂಗಾಂತರಗಳನ್ನು ಹೀರಿಕೊಳ್ಳುತ್ತದೆ. ಆ ಹೀರಿಕೆ ಕಾಣಬೇಕಾದರೆ ಕೆಂಪು, ಹಸಿರು, ನೀಲಿ ಮೂರೇ ಸಾಲವು. ‘ಅವಿರಿಸ್’ ಉಪಕರಣ ಬೆಳಕನ್ನು 224 ಪಾಲು ಮಾಡಿತು. ಅದೇ ಪರಂಪರೆಯ ‘ಎಂ-ಕ್ಯೂಬ್’, ನಮ್ಮ ಚಂದ್ರಯಾನ-1ರಲ್ಲಿ ಹೋಗಿ, ಚಂದ್ರನ ಬೆಳಕಿನಲ್ಲಿ 3 ಮೈಕ್ರೊಮೀಟರ್ ತರಂಗಾಂತರದ ಬಳಿ ಹೀರಿಕೆಯ ಒಂದು ತಗ್ಗು ಕಂಡಿತು. ನೀರಿನ ಆ ಸುಳಿವು 2009ರಲ್ಲಿ ಪ್ರಕಟವಾಯಿತು.

ಆದರೆ ಸೀಳುಕಿಂಡಿ ದುಬಾರಿ. ಸಾವಿರ ಗೆರೆಗಳ ದೃಶ್ಯದಲ್ಲಿ ಒಂದು ಗೆರೆ ಅಳೆಯುವಾಗ ಉಳಿದ 999ರ ಬೆಳಕು ಗೋಡೆಗೆ ಬಡಿದು ವ್ಯರ್ಥ. ನೆಲದ ಮೇಲೆ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ಸಾಗುವ ಉಪಗ್ರಹಕ್ಕೆ ನಿಂತು ನೋಡುವ ಸೌಲಭ್ಯವೂ ಇಲ್ಲ.

ಒಂದರ ಬದಲು ಹಲವು ಕಿಂಡಿ ತೆರೆದು, ಬೆರೆತ ಬೆಳಕನ್ನು ಆಮೇಲೆ ಲೆಕ್ಕದಿಂದ ಬಿಡಿಸಬಹುದೆಂದು ವಿಜ್ಞಾನಿ ಮಾರ್ಸೆಲ್ ಗೋಲೆ 1949ರಲ್ಲೇ ತೋರಿಸಿದ್ದರು. ನನಗೆ ಇಡೀ ಕಥೆಯ ತಿರುವು ಇದೇ. ಅದು ಪೂರ್ಣ ಚಿತ್ರಕ್ಕೆ ಒಗ್ಗಲು ಕೆಲವೇ ಅಳತೆಗಳಿಂದ ಇಡೀ ಚಿತ್ರ ಕಟ್ಟುವ, 2006ರ ಸುಮಾರಿಗೆ ರೂಪುಗೊಂಡ ‘ಕಂಪ್ರೆಸ್ಡ್ ಸೆನ್ಸಿಂಗ್’ ಗಣಿತ ಬರಬೇಕಾಯಿತು. ಮರುವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬ್ರೇಡಿ ಅವರ ತಂಡ ‘ಕ್ಯಾಸಿ’ ಕ್ಯಾಮೆರಾ ಪ್ರಕಟಿಸಿತು. ಸೀಳಿನ ಜಾಗದಲ್ಲಿ ಚದುರಂಗದ ಹಲಗೆಯಂತೆ ತೆರೆದ–ಮುಚ್ಚಿದ ಚೌಕಗಳ ತೆರೆ. ಬಂದ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧ ಒಳಹೋಗುತ್ತದೆ. ಬೆಳಕನ್ನು ಬಿಡಿಸುವ ಅಂಗ ಪ್ರತಿ ಬಣ್ಣದ ಚಿತ್ರವನ್ನೂ ತುಸು ಪಕ್ಕಕ್ಕೆ ಸರಿಸುತ್ತದೆ. ಎಲ್ಲವೂ ಒಂದರ ಮೇಲೊಂದು ಬಿದ್ದ ಕಲಸುಚಿತ್ರ ಒಂದೇ ಕ್ಲಿಕ್ಕಿಗೆ ದಾಖಲಾಗುತ್ತದೆ. ಅಳತೆಗಿಂತ ಅಜ್ಞಾತಗಳೇ ಹೆಚ್ಚು. ಆದರೂ ನಿಜಲೋಕದ ಅಕ್ಕಪಕ್ಕದ ಚುಕ್ಕೆಗಳೂ ಬಣ್ಣಗಳೂ ಒಂದನ್ನೊಂದು ಹೋಲುವುದರಿಂದ ಗಣಿತ ಅದನ್ನು ಬಿಡಿಸಬಲ್ಲದು.

ಅಂದರೆ ಚಿತ್ರ ಅರ್ಧ ಅಳತೆ, ಅರ್ಧ ಲೆಕ್ಕ. ಉರಿಯುವ ಜ್ವಾಲೆ, ಮಿಡಿಯುವ ಅಂಗಾಂಶದಂಥ ಕ್ಷಣಕ್ಷಣ ಬದಲಾಗುವ ದೃಶ್ಯಗಳಿಗೆ ಇದಕ್ಕಿಂತ ಒಳ್ಳೆಯ ಹಾದಿ ಕಾಣೆ. ಚಂದ್ರನಲ್ಲಿ ಕಂಡಂಥ ಮಂದ ತಗ್ಗನ್ನು ನಂಬಲು ಮಾತ್ರ ನನಗೆ ನೇರ ಅಳತೆಯೇ ಬೇಕು. 2022ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಏರಿದ ನಾಸಾದ ‘ಎಮಿಟ್’ ಉಪಕರಣದಲ್ಲಿಯೂ ಇರುವುದು ಸೀಳುಕಿಂಡಿಯೇ. ಆದರೆ ಕಿಂಡಿ ದಾಟಿದ ಬೆಳಕನ್ನು ಧಾರಾಳವಾಗಿ ಹಿಡಿಯುವ ಡೈಸನ್ ವಿನ್ಯಾಸ ಅದರದು. ಮರುಭೂಮಿಯ ಧೂಳಿನ ಖನಿಜ ಗುರುತಿಸಲು ಹೋದ ಅದು ಮೀಥೇನ್ ಸೋರಿಕೆಯನ್ನೂ ಪತ್ತೆಹಚ್ಚಿತು. ಎಮಿಟ್ ದತ್ತಾಂಶ ಯಾರಿಗೂ ಉಚಿತ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಅದನ್ನು ತೆರೆದು ನೋಡಲಿ.