ಕೂವೆಕಂಬದ ಜೀರ್ಣೋದ್ಧಾರ

ಜಮಖಂಡಿ, ಬೀಳಗಿಗಳ ಕಡೆಯ ವಾಚಕರು ಕೃಷ್ಣೆಯಲ್ಲಿ ಹುಟ್ಟು ಹಾಕಿ ನಡೆಸುವ ನಾವೆಗಳನ್ನು ಬಲ್ಲರು. ಹಾಯಿಯ ದೋಣಿಯು ಕುಮಟೆ, ಹೊನ್ನಾವರಗಳ ಕಡಲಿನದು. ಯಂತ್ರಗಳು ಬಂದ ಮೇಲೆ ಅಲ್ಲಿಯೂ ವಿರಳವಾಗಿರುವದು. ಆದರೂ ಹಾಯಿಯನ್ನು ಹೊರುವ ಕೂವೆಕಂಬದ ದುರಸ್ತಿಯಲ್ಲಿ ನಾವೆಲ್ಲರೂ ಅರಿಯತಕ್ಕ ವಿವೇಕವೊಂದುಂಟು.

ಅಮರಕೋಶವು ಈ ಕಂಬಕ್ಕೆ ಕೂಪಕ, ಗುಣವೃಕ್ಷಕ ಎಂಬ ಎರಡು ಹೆಸರುಗಳನ್ನು ಕೊಟ್ಟಿರುವದು. ಕೂಪವೆಂದರೆ ಕುಳಿ, ಗುಣವೆಂದರೆ ಹಗ್ಗ. ಕಂಬವು ಕೆಡುವದೂ ಪ್ರಾಯಶಃ ಈ ಎರಡು ಎಡೆಗಳಲ್ಲಿಯೇ. ಬುಡವನ್ನು ನಿಲ್ಲಿಸಿದ ಕುಳಿಯಲ್ಲಿ ನೀರು ನಿಂತು ಮರವು ಕೊಳೆಯುವದು. ಹಗ್ಗ ಬಿಗಿದಲ್ಲಿ ತಿಕ್ಕಾಟದಿಂದ ಸವೆಯುವದು. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿ ಮರವು ಖಣಿಲೆನ್ನುವದು. ಕೊಳೆತದ್ದು ಮಂದವಾಗಿ ನುಡಿಯುವದು.

ಕೆಟ್ಟ ಭಾಗವು ಅಲ್ಪವಾಗಿದ್ದರೆ ಅದನ್ನು ಕೊಯ್ದು ತೆಗೆದು, ಹೊಸ ತುಂಡನ್ನು ಓರೆಯಾಗಿ ಬೆಸೆಯಬಹುದು. ಓರೆಯ ಉದ್ದವು ಕಂಬದ ದಪ್ಪಕ್ಕಿಂತ 8ರಿಂದ 12 ಪಟ್ಟು ಇರಬೇಕು; ಎಂದರೆ 4 ಅಂಗುಲದ ಕಂಬಕ್ಕೆ 32ರಿಂದ 48 ಅಂಗುಲ. ಎಳೆಗೆ ಅಡ್ಡಲಾಗಿ ಬಿರಿದಿದ್ದರೆ ಹೊಸ ಕಂಬವೇ ಲೇಸು. ಅದಕ್ಕೆ ಗಂಟಿಲ್ಲದ, ನೆಟ್ಟನೆಯ ಎಳೆಯ ಮರ ಬೇಕು. ಕೆನರಾ ಕಾಡುಗಳ ಸುರಹೊನ್ನೆಯ ಜಾತಿಯ ಮರಗಳನ್ನು 19ನೆಯ ಶತಮಾನದಲ್ಲಿ ಇಂಗ್ಲಿಷರು ‘ಪೂನ್’ ಎಂದು ಕರೆದು, ಹಡಗಿನ ಕಂಬಗಳಿಗಾಗಿ ಒಯ್ಯುತ್ತಿದ್ದರು.

ನೇಗಿಲಿನ ಈಸು ಬಿರಿದರೆ ಹಗ್ಗ ಸುತ್ತಿ ನಾಲ್ಕು ಸಾಲು ಉಳಬಹುದು. ಮುರಿದರೂ ಕಾಲ ಕೆಳಗೆ ನೆಲವಿರುವದು. ಕಡಲಿನಲ್ಲಿ ಕಂಬ ಮುರಿದವನಿಗೆ ಆ ಆಸರೆಯಿಲ್ಲ. ಆದುದರಿಂದ ಪರೀಕ್ಷೆಯು ದಡದಲ್ಲಿಯೇ ಆಗಬೇಕು. ಸಂಶಯ ಉಳಿದರೆ ಮರದ ಬೆಲೆಯನ್ನು ಎಣಿಸಬಾರದು.