ಕೊರಿಯಾದ ಸಾಂಪ್ರದಾಯಿಕ ವಿವಾಹ

ಕೊರಿಯಾದ ಸಾಂಪ್ರದಾಯಿಕ ವಿವಾಹವು ಕನ್ಫ್ಯೂಷಿಯನ್ ವಿಧಿಗಳನ್ನೂ ಅವುಗಳಿಗಿಂತ ಹಳೆಯದಾದ ಸ್ಥಳೀಯ ಆಚರಣೆಗಳನ್ನೂ ಒಳಗೊಂಡ ವಿವಾಹ ಪದ್ಧತಿಯಾಗಿದೆ. ಕೊರಿಯನ್ ಭಾಷೆಯಲ್ಲಿ ಇದನ್ನು ಹೊನ್ರ್ಯೆ ಎನ್ನುತ್ತಾರೆ. ಈಗ ತಿಳಿದಿರುವ ವಿಧಿಗಳು ಬಹುಮಟ್ಟಿಗೆ ಜೋಸನ್ ರಾಜವಂಶದ ಕಾಲದಲ್ಲಿ (1392–1910) ರೂಪುಗೊಂಡವು. ಈ ಪದ್ಧತಿಯಲ್ಲಿ ವಿವಾಹವನ್ನು ಇಬ್ಬರು ವ್ಯಕ್ತಿಗಳ ಬಂಧಕ್ಕಿಂತ ಹೆಚ್ಚಾಗಿ ಎರಡು ಕುಟುಂಬಗಳ ಸಂಬಂಧವೆಂದು ಭಾವಿಸಲಾಗುತ್ತಿತ್ತು. ಹೊಸ ದಂಪತಿಗಳು ಯಾರ ಮನೆಗೆ ಸೇರಿದವರು ಎಂಬ ಪ್ರಶ್ನೆಗೆ ಸಮಾಜ ನೀಡಿದ ಉತ್ತರ ಬದಲಾದಂತೆ ವಿಧಿಗಳೂ ಬದಲಾಗುತ್ತ ಬಂದಿವೆ.

ಇತಿಹಾಸ

ಪ್ರಾಚೀನ ಗೊಗುರ್ಯೊ ರಾಜ್ಯದಲ್ಲಿ ವಧುವಿನ ಮನೆಯ ಹಿಂದೆ ಅಳಿಯನಿಗಾಗಿ ಚಿಕ್ಕ ಮನೆಯೊಂದನ್ನು ಕಟ್ಟುತ್ತಿದ್ದರು. ವರನು ಸಂಜೆ ಬಾಗಿಲ ಬಳಿ ಬಂದು ತನ್ನ ಹೆಸರು ಹೇಳಿ, ಮಂಡಿಯೂರಿ ಒಳಗೆ ಬರಲು ಅನುಮತಿ ಬೇಡಬೇಕಾಗಿತ್ತು. ಮಕ್ಕಳು ದೊಡ್ಡವರಾದ ಬಳಿಕವಷ್ಟೇ ಆತ ಹೆಂಡತಿಯನ್ನು ಕರೆದುಕೊಂಡು ತನ್ನ ಮನೆಗೆ ಮರಳುತ್ತಿದ್ದನು. ಮೂರನೆಯ ಶತಮಾನದ ಚೀನೀ ಇತಿಹಾಸ ಗ್ರಂಥವೊಂದು ಈ ಪದ್ಧತಿಯನ್ನು ದಾಖಲಿಸಿದೆ. ಗೊರ್ಯೊ ರಾಜವಂಶದ ಕಾಲದಲ್ಲಿಯೂ ವಿವಾಹವಾದ ಪುರುಷನು ಹಲವು ವರ್ಷ ಮಾವನ ಮನೆಯಲ್ಲಿರುವುದು ರೂಢಿಯಲ್ಲಿತ್ತು.

ಜೋಸನ್ ಅರಸರು ಚೀನಾದ ತತ್ತ್ವಜ್ಞಾನಿ ಝೂ ಶಿಯ ಕುಟುಂಬ ವಿಧಿಗಳನ್ನು ಆದರ್ಶವಾಗಿ ಸ್ವೀಕರಿಸಿದರು. ಅವುಗಳ ಪ್ರಕಾರ ವರನು ವಧುವನ್ನು ತನ್ನ ಮನೆಗೆ ಕರೆತಂದು ಅಲ್ಲಿ ವಿವಾಹವಾಗಬೇಕು. ಅರಮನೆಯೇ ಮೇಲ್ಪಂಕ್ತಿ ಹಾಕಿದರೂ ಜನರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಜೋಸನ್ ಕಾಲದ ಮೊದಲ ಭಾಗದಲ್ಲಿ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಇದ್ದುದರಿಂದ ತವರಿನೊಂದಿಗೆ ಅವರ ಸಂಬಂಧ ಗಟ್ಟಿಯಾಗಿತ್ತು. ಪ್ರಸಿದ್ಧ ಕಲಾವಿದೆ ಶಿನ್ ಸೈಮ್‌ದಾಂಗ್ (1504–1551) ವಿವಾಹದ ನಂತರವೂ ಬಹುಕಾಲ ಗಂಗ್ನುಂಗ್‌ನ ತವರಿನಲ್ಲಿದ್ದರು. ಅವರ ಮಗ, ವಿದ್ವಾಂಸ ಯಿ ಐ 1536ರಲ್ಲಿ ಅದೇ ಮನೆಯಲ್ಲಿ ಜನಿಸಿದರು. 17ನೆಯ ಶತಮಾನದಿಂದ ಆಸ್ತಿಯೂ ಪಿತೃಪೂಜೆಯ ಹೊಣೆಯೂ ಹಿರಿಯ ಮಗನಲ್ಲಿ ಕೇಂದ್ರೀಕೃತವಾದಾಗ ಪರಿಸ್ಥಿತಿ ಬದಲಾಯಿತು.

ಕೊನೆಗೆ ನೆಲೆನಿಂತದ್ದು ಒಂದು ಬಗೆಯ ರಾಜಿ. ವಿವಾಹವು ವಧುವಿನ ಮನೆಯಂಗಳದಲ್ಲಿಯೇ ನಡೆಯುತ್ತಿತ್ತು. ಸಾಮಾನ್ಯವಾಗಿ ಮೂರು ದಿನಗಳ ನಂತರ ವಧು ಪಲ್ಲಕ್ಕಿಯಲ್ಲಿ ಗಂಡನ ಮನೆಗೆ ಹೋಗುತ್ತಿದ್ದಳು. ಈ ಎರಡು ಪರಂಪರೆಗಳ ಗುರುತು ಭಾಷೆಯಲ್ಲಿ ಇಂದಿಗೂ ಉಳಿದಿದೆ. ಪುರುಷನು ಮದುವೆಯಾಗುವುದಕ್ಕೆ ಬಳಸುವ ‘ಜಾಂಗ್ಗಾ ಗಾದ’ ಎಂಬ ಮಾತಿಗೆ ಮಾವನ ಮನೆಗೆ ಹೋಗುವುದು ಎಂದೂ, ಸ್ತ್ರೀಗೆ ಬಳಸುವ ‘ಸಿಜಿಪ್ ಗಾದ’ ಎಂಬುದಕ್ಕೆ ಗಂಡನ ಮನೆಗೆ ಹೋಗುವುದು ಎಂದೂ ಅರ್ಥ.

ವಿವಾಹಪೂರ್ವ ವಿಧಿಗಳು

ಮಧ್ಯಸ್ಥರ ಮೂಲಕ ಮಾತುಕತೆ ನಡೆದ ನಂತರ ವರನ ಕಡೆಯವರು ಆತನ ಜನನದ ವರ್ಷ, ತಿಂಗಳು, ದಿನ ಮತ್ತು ಗಳಿಗೆಗಳನ್ನು ಬರೆದ ಪತ್ರವನ್ನು ಕಳುಹಿಸುತ್ತಿದ್ದರು. ಈ ನಾಲ್ಕು ಅಂಶಗಳನ್ನು ಸಾಜು ಎನ್ನುತ್ತಾರೆ. ಇವುಗಳ ಆಧಾರದಲ್ಲಿ ಇಬ್ಬರ ಹೊಂದಾಣಿಕೆಯನ್ನು ನೋಡುವುದಕ್ಕೆ ಗುಂಗ್‌ಹಪ್ ಎಂದು ಹೆಸರು. ಶುಭದಿನವನ್ನು ವಧುವಿನ ಕಡೆಯವರು ಗೊತ್ತುಮಾಡುತ್ತಿದ್ದರು.

ಆಮೇಲೆ ವರನ ಮನೆಯಿಂದ ಹಾಮ್ ಎಂಬ ಪೆಟ್ಟಿಗೆ ಬರುತ್ತಿತ್ತು. ಅದರಲ್ಲಿ ಕೆಂಪು ಮತ್ತು ನೀಲಿ ರೇಷ್ಮೆ ಬಟ್ಟೆಗಳೂ ವಿವಾಹ ಪತ್ರವೂ ಇರುತ್ತಿದ್ದವು. ಈ ಪತ್ರವನ್ನು ಸ್ತ್ರೀಯು ಜೀವನಪರ್ಯಂತ ಕಾಪಾಡುತ್ತಿದ್ದಳು. ಮರಣಾನಂತರ ಅದನ್ನು ಅವಳೊಂದಿಗೆ ಸಮಾಧಿ ಮಾಡುತ್ತಿದ್ದರು. ಇತ್ತೀಚಿನ ಕಾಲದಲ್ಲಿ ಪೆಟ್ಟಿಗೆ ತರುವ ಕೆಲಸ ವರನ ಗೆಳೆಯರದಾಯಿತು. ಒಣಗಿಸಿದ ಸ್ಕ್ವಿಡ್ ಅನ್ನು ಮುಖವಾಡವಾಗಿ ಧರಿಸಿದ ಗೆಳೆಯನೊಬ್ಬ ಬೀದಿಯಲ್ಲಿ ‘ಹಾಮ್ ಕೊಳ್ಳಿ’ ಎಂದು ಕೂಗುತ್ತ, ವಧುವಿನ ಮನೆಯವರು ಹಣ ಕೊಟ್ಟಂತೆ ಒಂದೊಂದೇ ಹೆಜ್ಜೆ ಮುಂದಿಡುವನು. ಅಪಾರ್ಟ್‌ಮೆಂಟ್ ಜೀವನದಲ್ಲಿ ಈ ಗದ್ದಲದ ಆಚರಣೆ ವಿರಳವಾಗಿದೆ.

ವಿವಾಹ ದಿನದ ವಿಧಿಗಳು

ವಿವಾಹವು ಮೂರು ಮುಖ್ಯ ಘಟ್ಟಗಳಲ್ಲಿ ನಡೆಯುತ್ತದೆ.

ಹೆಬ್ಬಾತಿನ ಅರ್ಪಣೆ: ವರನು ಮರದ ಹೆಬ್ಬಾತನ್ನು ವಧುವಿನ ಮನೆಯವರಿಗೆ ಅರ್ಪಿಸುತ್ತಾನೆ. ಕಾಡು ಹೆಬ್ಬಾತು ಒಮ್ಮೆ ಸೇರಿದ ಜೋಡಿಯನ್ನು ಕೊನೆಯವರೆಗೂ ಬಿಡದೆಂಬ ನಂಬಿಕೆಯಿಂದ ಇದು ನಿಷ್ಠೆಯ ಸಂಕೇತವಾಗಿದೆ.

ಪರಸ್ಪರ ನಮಸ್ಕಾರ: ವಧು ಎರಡು ಬಾರಿ ನಮಸ್ಕರಿಸಿದರೆ ವರನು ಒಮ್ಮೆ ನಮಸ್ಕರಿಸುತ್ತಾನೆ, ಇದು ಪುನರಾವರ್ತನೆಯಾಗುತ್ತದೆ. ಯಿನ್–ಯಾಂಗ್ ತತ್ತ್ವದಲ್ಲಿ ಸಮಸಂಖ್ಯೆ ಸ್ತ್ರೀಗೂ ಬೆಸಸಂಖ್ಯೆ ಪುರುಷನಿಗೂ ಸಂಬಂಧಿಸಿದ್ದೆಂಬುದು ಇದಕ್ಕೆ ನೀಡುವ ವಿವರಣೆ.

ಮದ್ಯಪಾನ: ಒಂದೇ ಸೋರೆಬುರುಡೆಯ ಎರಡು ಹೋಳುಗಳಲ್ಲಿ ವಧೂವರರು ಮದ್ಯ ಸ್ವೀಕರಿಸುತ್ತಾರೆ. ಹೋಳುಗಳು ಮತ್ತೆ ಕೂಡುವುದು ಐಕ್ಯದ ಸೂಚಕ.

ಇಬ್ಬರ ನಡುವಿನ ಮೇಜಿನ ಮೇಲೆ ಪೈನ್ ಮತ್ತು ಬಿದಿರಿನ ಕೊಂಬೆಗಳು, ಅಕ್ಕಿ, ಚೆಸ್ಟ್‌ನಟ್ ಮತ್ತು ಬೋರೆಹಣ್ಣಿನ ಜಾತಿಯ ಕೆಂಪು ಹಣ್ಣುಗಳಿರುತ್ತವೆ. ಬಟ್ಟೆಯಲ್ಲಿ ಸುತ್ತಿದ ಹುಂಜ ಮತ್ತು ಹೇಂಟೆಗಳನ್ನೂ ಇರಿಸುತ್ತಾರೆ. ವರನು ಆಸ್ಥಾನದ ಅಧಿಕಾರಿಯ ಉಡುಪನ್ನು ಧರಿಸುತ್ತಾನೆ. ಜೋಸನ್ ಕಾಲದಲ್ಲಿ ಸಾಮಾನ್ಯನಿಗೆ ಈ ಉಡುಪು ವಿವಾಹದ ದಿನ ಮಾತ್ರ ಸಲ್ಲುತ್ತಿತ್ತು. ವಧುವು ವೊನ್ಸಾಮ್ ಎಂಬ ವಿಧ್ಯುಕ್ತ ನಿಲುವಂಗಿ ಧರಿಸಿ, ಹಣೆ ಮತ್ತು ಕೆನ್ನೆಗಳ ಮೇಲೆ ಕೆಂಪು ಬೊಟ್ಟುಗಳನ್ನಿಡುತ್ತಾಳೆ. ಅತಿಥಿಗಳಿಗೆ ಶಾವಿಗೆಯಂತಹ ನೂಡಲ್ಸ್ ಬಡಿಸುವುದರಿಂದ, ‘ನಮಗೆ ನೂಡಲ್ಸ್ ಯಾವಾಗ ಹಾಕಿಸುವೆ?’ ಎಂದರೆ ‘ಮದುವೆ ಯಾವಾಗ?’ ಎಂದೇ ಅರ್ಥ.

ಪೆಬೆಕ್

ವಧುವು ಗಂಡನ ಮನೆಯ ಹಿರಿಯರಿಗೆ ಮೊದಲ ಬಾರಿಗೆ ನಮಸ್ಕರಿಸುವ ವಿಧಿಯೇ ಪೆಬೆಕ್. ಹಿರಿಯರು ಎಸೆಯುವ ಕೆಂಪು ಹಣ್ಣು ಮತ್ತು ಚೆಸ್ಟ್‌ನಟ್‌ಗಳನ್ನು ಸಂತಾನದ ಹಾರೈಕೆಯಾಗಿ ಬಟ್ಟೆಯಲ್ಲಿ ಹಿಡಿಯಲಾಗುತ್ತದೆ. ಪಾಶ್ಚಾತ್ಯ ಶೈಲಿಯ ವಿವಾಹಗಳಲ್ಲಿಯೂ ಪೆಬೆಕ್ ಉಳಿದುಕೊಂಡಿತು. ಅದಕ್ಕಾಗಿ ವಿವಾಹ ಸಭಾಂಗಣಗಳಲ್ಲಿ ಪ್ರತ್ಯೇಕ ಕೊಠಡಿಗಳಿರುತ್ತಿದ್ದವು. ಈಗ ಅನೇಕರು ವಧುವಿನ ತಂದೆತಾಯಿಗೂ ನಮಸ್ಕರಿಸುತ್ತಾರೆ, ಇಲ್ಲವೇ ಈ ವಿಧಿಯನ್ನೇ ಕೈಬಿಡುತ್ತಾರೆ.

ಆಧುನಿಕ ಬದಲಾವಣೆಗಳು

19ನೆಯ ಶತಮಾನದ ಕೊನೆಯಲ್ಲಿ ಕ್ರೈಸ್ತ ಸಮುದಾಯದ ಮೂಲಕ ಪಾಶ್ಚಾತ್ಯ ಶೈಲಿಯ ವಿವಾಹ ಪ್ರವೇಶಿಸಿತು. ನಗರೀಕರಣದೊಂದಿಗೆ ವಿವಾಹವು ವಧುವಿನ ಅಂಗಳದಿಂದ ಬಾಡಿಗೆ ಸಭಾಂಗಣಕ್ಕೆ ಸ್ಥಳಾಂತರಗೊಂಡಿತು. ದುಂದುವೆಚ್ಚ ತಡೆಯಲು ದಕ್ಷಿಣ ಕೊರಿಯಾ ಸರ್ಕಾರವು 1969ರಲ್ಲಿ ಕೌಟುಂಬಿಕ ವಿಧಿಗಳ ಕುರಿತು ಕಾನೂನು ಮಾಡಿ, 1973ರಲ್ಲಿ ಅದನ್ನು ಬಿಗಿಗೊಳಿಸಿತು. ಇಂದಿನ ಸಭಾಂಗಣ ವಿವಾಹವು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಅತಿಥಿಗಳು ಲಕೋಟೆಯಲ್ಲಿ ಹಣದ ಉಡುಗೊರೆ ನೀಡಿ ಊಟದ ಚೀಟಿ ಪಡೆಯುತ್ತಾರೆ.

ಕಾನೂನಿನಲ್ಲಿಯೂ ಮಹತ್ವದ ಬದಲಾವಣೆಗಳಾದವು. ಒಂದೇ ಕುಲನಾಮ ಮತ್ತು ಒಂದೇ ಮೂಲಸ್ಥಾನ ಉಳ್ಳವರ ವಿವಾಹದ ಮೇಲಿದ್ದ ನಿಷೇಧವು ಸಂವಿಧಾನಬದ್ಧವಲ್ಲವೆಂದು ಸಾಂವಿಧಾನಿಕ ನ್ಯಾಯಾಲಯ 1997ರಲ್ಲಿ ತೀರ್ಪು ನೀಡಿತು. ವಿವಾಹಿತ ಸ್ತ್ರೀಯ ಹೆಸರನ್ನು ಗಂಡನ ಕುಟುಂಬದ ದಾಖಲೆಗೆ ವರ್ಗಾಯಿಸುತ್ತಿದ್ದ ಹೋಜು ಪದ್ಧತಿ 2008ರ ಜನವರಿ 1ರಂದು ಕೊನೆಗೊಂಡಿತು.

ವರನ ಕಡೆಯವರು ಮನೆಯನ್ನೂ ವಧುವಿನ ಕಡೆಯವರು ಗೃಹೋಪಯೋಗಿ ಸಾಮಗ್ರಿಯನ್ನೂ ಒದಗಿಸಬೇಕೆಂಬ ರೂಢಿಯು ಮನೆಗಳ ಬೆಲೆಯೇರಿಕೆಯಿಂದ ಎರಡೂ ಕುಟುಂಬಗಳಿಗೆ ಹೊರೆಯಾಗಿದೆ. ವೆಚ್ಚವನ್ನು ಸಮನಾಗಿ ಹಂಚಿಕೊಳ್ಳುವ ವಿವಾಹಗಳೂ, ಆಪ್ತರಿಗಷ್ಟೇ ಸೀಮಿತವಾದ ಚಿಕ್ಕ ವಿವಾಹಗಳೂ ಕಾಣಿಸಿಕೊಂಡಿವೆ. 1996ರಲ್ಲಿ ದೇಶದಲ್ಲಿ ಸುಮಾರು 4.35 ಲಕ್ಷ ವಿವಾಹಗಳು ನೋಂದಣಿಯಾಗಿದ್ದರೆ, 2023ರಲ್ಲಿ ಈ ಸಂಖ್ಯೆ ಸುಮಾರು 1.94 ಲಕ್ಷಕ್ಕೆ ಇಳಿದಿತ್ತು. 2024ರಲ್ಲಿ ಸುಮಾರು 2.22 ಲಕ್ಷಕ್ಕೆ ಏರಿತು. 2023ರಲ್ಲಿ ಮೊದಲ ವಿವಾಹದ ಸರಾಸರಿ ವಯಸ್ಸು ಪುರುಷರಿಗೆ 34.0 ಮತ್ತು ಸ್ತ್ರೀಯರಿಗೆ 31.5 ವರ್ಷಗಳಷ್ಟಿತ್ತು.

ಸಾಂಪ್ರದಾಯಿಕ ವಿವಾಹವು ಈಗ ಆಯ್ಕೆಯ ವಿಷಯವಾಗಿದೆ. ಸೋಲ್ ನಗರದ ಕೊರಿಯಾ ಹೌಸ್ ಮತ್ತು ನಾಮ್‌ಸಾನ್‌ಗೋಲ್ ಹನೋಕ್ ಗ್ರಾಮದಂತಹ ಸ್ಥಳಗಳಲ್ಲಿ ಇಂತಹ ವಿವಾಹಗಳು ನಡೆಯುತ್ತವೆ. ಸಭಾಂಗಣ ವಿವಾಹಗಳಲ್ಲಿಯೂ ಹಾನ್‌ಬೋಕ್ ಉಟ್ಟ ತಾಯಂದಿರಿಬ್ಬರು ಮೊದಲು ಮೋಂಬತ್ತಿ ಹಚ್ಚುವುದು ವಾಡಿಕೆ. ವಧುವಿನ ತಾಯಿ ಸಾಮಾನ್ಯವಾಗಿ ಗುಲಾಬಿ ಛಾಯೆಯ ಹಾನ್‌ಬೋಕ್ ಧರಿಸಿದರೆ ವರನ ತಾಯಿ ನೀಲಿ ಛಾಯೆಯದನ್ನು ಧರಿಸುತ್ತಾರೆ.