ಆಹಾರ ಪೊಟ್ಟಣಗಳ ಮೇಲೆ ದಿನಾಂಕವೂ ಲಾಟು ಸಂಖ್ಯೆಯೂ

ಹಗೇವಿನಲ್ಲಿ ತುಂಬಿದ ರಾಗಿಗೆ ಹಿಂದಿನವರು ಯಾವ ಗುರುತನ್ನೂ ಹಾಕುತ್ತಿರಲಿಲ್ಲ. ಅದು ಯಾವ ವರ್ಷದ ಬೆಳೆ, ಯಾವ ಹೊಲದ್ದು ಎಂಬುದು ಮನೆಯ ಯಜಮಾನನಿಗೆ ತಿಳಿದಿರುತ್ತಿತ್ತು. ಉಣ್ಣುವವರೂ ಆ ಮನೆಯವರೇ ಆಗಿದ್ದರು. ಈಗ ಕನಕಪುರ, ಆನೇಕಲ್ ಕಡೆಯ ರಾಗಿಯು ಹಿಟ್ಟಾಗಿ, ಪೊಟ್ಟಣ ಸೇರಿ, ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಅಂಗಡಿಗಳಿಗೆ ಹೋಗುತ್ತಿದೆ. ಕೊಳ್ಳುವವರು ಬೆಳೆದವರ ಮುಖವನ್ನು ಕಂಡವರಲ್ಲ. ರಾಗಿಯ ಕಾಳು ವರ್ಷಗಟ್ಟಲೆ ಬಾಳುವುದು, ಹಿಟ್ಟು ಹಾಗಲ್ಲ. ಬೀಸಿದ ಬಳಿಕ ಅದರ ಜಿಡ್ಡಿನಂಶಕ್ಕೆ ಗಾಳಿ ತಗುಲಿ ಕ್ರಮೇಣ ಕಮಟು ಹುಟ್ಟುವುದು. ಆದಕಾರಣ ಯಜಮಾನನ ನೆನಪು ಮಾಡುತ್ತಿದ್ದ ಕೆಲಸವನ್ನು ಈಗ ಪೊಟ್ಟಣದ ಮೇಲಿನ ಗುರುತೇ ಮಾಡಬೇಕಾಗಿದೆ.

ಈ ಗುರುತುಗಳು ಎರಡು ಬಗೆ. ದಿನಾಂಕವು ಪದಾರ್ಥವನ್ನು ಎಂದು ತಯಾರಿಸಲಾಯಿತು, ಎಂದಿನವರೆಗೆ ಬಳಸಬಹುದು ಎಂಬುದನ್ನು ತಿಳಿಸುತ್ತದೆ. ಲಾಟು ಅಥವಾ ಬ್ಯಾಚು ಸಂಖ್ಯೆಯು, ಒಂದೇ ಕಚ್ಚಾ ಮಾಲಿನಿಂದ ಒಂದೇ ಸಾರಿಗೆ ತಯಾರಾದ ಮಾಲು ಯಾವುದೆಂದು ಬೇರ್ಪಡಿಸಿ ತೋರಿಸುತ್ತದೆ. 2020ನೆಯ ಇಸವಿಯ ಆಹಾರ ಲೇಬಲಿನ ನಿಯಮಗಳ ಪ್ರಕಾರ ಇವೆರಡೂ ಪೊಟ್ಟಣದ ಮೇಲೆ ಇರತಕ್ಕವು. ಅವಧಿ ಮೀರಿದ ಮಾಲನ್ನು ಮಾರಿದ ಅಂಗಡಿಯವನೂ 2006ನೆಯ ಇಸವಿಯ ಆಹಾರ ಸುರಕ್ಷತಾ ಕಾಯಿದೆಯ 27ನೆಯ ಪ್ರಕರಣದಂತೆ ಹೊಣೆಗಾರನಾಗುತ್ತಾನೆ. ಆದ್ದರಿಂದಲೇ ಪಟ್ಟಣದ ವರ್ತಕರು ಗುರುತಿಲ್ಲದ ಮಾಲನ್ನು ಮುಟ್ಟಲು ಹಿಂಜರಿಯುವುದು. ಬಿ.ಟಿ.ಎಂ. ಬಡಾವಣೆಗೆ ಸಮೀಪದಲ್ಲಿ 1965ರಲ್ಲಿ ಪ್ರಾರಂಭವಾದ ಬೆಂಗಳೂರು ಡೈರಿಯ ಹಾಲನ್ನು ಕೊಳ್ಳುವ ಮನೆಗಳಲ್ಲಿ ಪೊಟ್ಟಣದ ದಿನಾಂಕವನ್ನು ನೋಡುವುದು ವಾಡಿಕೆಯಾಗಿದೆ. ಅದೇ ಕಣ್ಣು ಹಳ್ಳಿಯ ಹಿಟ್ಟಿನ ಮೇಲೂ ಬೀಳುವುದು.

ಒಳಗಿನ ಪೊಟ್ಟಣಕ್ಕೆ ಗುರುತು ಹಾಕಿ, ಹೊರಗಿನ ರಟ್ಟಿನ ಪೆಟ್ಟಿಗೆಯನ್ನು ಹಾಗೆಯೇ ಬಿಡುವುದು ಸಾಮಾನ್ಯವಾದ ತಪ್ಪು. ಇದರಿಂದಾಗುವ ನಷ್ಟವನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಸಂಘದವರು ದಿನಕ್ಕೆ 200ರಂತೆ ಐದು ದಿನಗಳಲ್ಲಿ 1,000 ಪೊಟ್ಟಣಗಳನ್ನು ಕಳುಹಿಸಿದರೆಂದೂ, ಮೂರನೆಯ ದಿನದ ರಾಗಿ ಸರಿಯಾಗಿ ಒಣಗದೆ ಆ ಹಿಟ್ಟು ಮಾತ್ರ ಮುಗ್ಗಿತೆಂದೂ ಭಾವಿಸೋಣ. ಒಳಗೂ ಹೊರಗೂ ಒಂದೇ ಲಾಟು ಸಂಖ್ಯೆ ಇದ್ದರೆ, ಪೆಟ್ಟಿಗೆಗಳನ್ನು ನೋಡಿದೊಡನೆ 200 ಪೊಟ್ಟಣಗಳನ್ನು ಬೇರೆ ಮಾಡಬಹುದು. ಹೊರಗೆ ಸಂಖ್ಯೆ ಇಲ್ಲದಿದ್ದರೆ ಪ್ರತಿಯೊಂದು ಪೆಟ್ಟಿಗೆಯನ್ನೂ ಒಡೆಯಬೇಕು. ಎರಡು ಕಡೆಯೂ ಇಲ್ಲದಿದ್ದರೆ 1,000 ಪೊಟ್ಟಣಗಳೂ ಹಿಂದಕ್ಕೆ ಬರುವುವು. ಒಬ್ಬನ ಹಸಿ ರಾಗಿಗಾಗಿ ಚೆನ್ನಾಗಿ ಒಣಗಿಸಿ ತಂದ ಉಳಿದ ರೈತರೂ ದಂಡ ತೆರಬೇಕಾಗುವುದು. 100 ಚದರ ಸೆಂಟಿಮೀಟರಿಗೆ ಮೀರದ ಸಣ್ಣ ಪೊಟ್ಟಣಗಳಲ್ಲಿ ಲಾಟು ಸಂಖ್ಯೆಯನ್ನು ಬಿಟ್ಟು, ಹೊರಗಿನ ಕಟ್ಟಿನ ಮೇಲೆ ಮಾತ್ರ ಕೊಡಲು ನಿಯಮದಲ್ಲಿ ಅವಕಾಶವುಂಟು. ಆದರೆ ಕಟ್ಟು ಬಿಚ್ಚಿದ ಮೇಲೆ ಅಂತಹ ಪೊಟ್ಟಣದ ಮೂಲವನ್ನು ಹುಡುಕುವುದು ಕಷ್ಟ. ಎರಡು ಕಡೆಯೂ ಹಾಕುವುದೇ ಲೇಸು.

ಗುರುತು ಹಾಕುವ ಕ್ರಮವು ಸುಲಭವಾದುದು. ಉದಾಹರಣೆಗೆ, 2025ನೆಯ ಇಸವಿ ಜೂನ್ 15 ಆ ವರ್ಷದ 166ನೆಯ ದಿನ. ಅಂದಿನ ಎರಡನೆಯ ಸಾರಿಯ ರಾಗಿಹಿಟ್ಟಿಗೆ ‘ರಾ 25-166-2’ ಎಂದು ಬರೆದರೆ ಸಾಕು. ಈ ಕೆಳಗಿನ ವಿಷಯಗಳಲ್ಲಿ ಎಚ್ಚರವಿರತಕ್ಕದ್ದು:

1. ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಮೊದಲು ಮೊಹರಿನ ದಿನಾಂಕವನ್ನು ಬದಲಿಸಿ, ಒಬ್ಬರು ಓದಿ ನೋಡಬೇಕು.

2. ಮೊಹರನ್ನು ಬೆಸುಗೆಯ ಅಂಚಿನ ಮೇಲಾಗಲಿ, ಹಿಟ್ಟು ಅಂಟಿದ ಜಾಗದಲ್ಲಾಗಲಿ ಒತ್ತಬಾರದು. ಬೆರಳಿನಿಂದ ಉಜ್ಜಿದರೆ ಅಳಿಸಿಹೋಗಬಾರದು.

3. ಹಿಂದಿನ ದಿನ ಉಳಿದ ಹಿಟ್ಟನ್ನು ಹೊಸ ಲಾಟಿಗೆ ಬೆರೆಸಬಾರದು.

4. ಒಂದು ಪೆಟ್ಟಿಗೆಯಲ್ಲಿ ಒಂದೇ ಲಾಟಿನ ಮಾಲು ಇರಬೇಕು. ಹಳೆಯ ಪೆಟ್ಟಿಗೆಯನ್ನು ಬಳಸುವುದಾದರೆ ಅದರ ಹಿಂದಿನ ಗುರುತುಗಳನ್ನು ಪೂರ್ತಿಯಾಗಿ ಅಳಿಸಬೇಕು.

5. ಅವಧಿ ಮುಗಿದ ಪೊಟ್ಟಣಕ್ಕೆ ಹೊಸ ಚೀಟಿ ಅಂಟಿಸುವುದು ಮೋಸ, ಎಂದಿಗೂ ಕೂಡದು.

ಗುರುತಿನ ಜೊತೆಗೆ ಪುಸ್ತಕವೂ ಇರಬೇಕು. ಪ್ರತಿಯೊಂದು ಲಾಟಿಗೂ ರಾಗಿ ಯಾರ ಯಾರದು, ಬೀಸಿದ ದಿನ ಯಾವುದು, ಪೊಟ್ಟಣಗಳೆಷ್ಟು, ಯಾವ ಅಂಗಡಿಗೆ ಹೋದುವು ಎಂಬುದನ್ನು ಬರೆದಿಟ್ಟು, ಅವಧಿ ಮುಗಿಯುವವರೆಗೆ ಒಂದು ಪೊಟ್ಟಣವನ್ನು ಮಾದರಿಯಾಗಿ ಇಟ್ಟುಕೊಳ್ಳತಕ್ಕದ್ದು. ಪುಸ್ತಕವಿಲ್ಲದ ಸಂಖ್ಯೆಯಿಂದ ಪ್ರಯೋಜನವಿಲ್ಲ.

ಒಂದು ಊರಿನ ಹಿಟ್ಟು ಕೆಟ್ಟದ್ದೆಂಬ ಮಾತು ಪೇಟೆಯಲ್ಲಿ ಹಬ್ಬಿದರೆ ಅದನ್ನು ಅಳಿಸಲು ಬಹುಕಾಲ ಬೇಕು. ಗ್ರಾಮದ ಮುಖಂಡರೂ ಹಿಡುವಳಿದಾರರೂ ಮುಂದಿನ ಸುಗ್ಗಿಯ ಮಾಲು ಪೇಟೆಗೆ ಹೊರಡುವ ಮೊದಲೇ ತಮ್ಮ ತಮ್ಮ ಸಂಘಗಳಲ್ಲಿ ಈ ಏರ್ಪಾಡನ್ನು ಜಾರಿಗೆ ತರುವುದು ಉಚಿತವಾಗಿದೆ. ಇದಕ್ಕೆ ತಗಲುವ ವೆಚ್ಚ ಒಂದು ಮೊಹರು, ಸ್ವಲ್ಪ ಶಾಯಿ ಮತ್ತು ಒಂದು ಪುಸ್ತಕದ್ದು ಮಾತ್ರ.